ನಡಿಗೆಯಿಲ್ಲದ ಪರೇಡ್

ಪರೇಡ್ ಎಂದೊಡನೆ ವಾದ್ಯದ ತಾಳಕ್ಕೆ ಹೆಜ್ಜೆ ಹಾಕುತ್ತ ಸಾಗುವ ಸಾಲುಗಳು ಕಣ್ಣ ಮುಂದೆ ಬರುತ್ತವೆ. ಆದರೆ ಈ ಇಂಗ್ಲಿಷ್ ಪದದ ಬೇರನ್ನು ಕೆದಕಿದರೆ ಅಲ್ಲಿ ನಡಿಗೆಯ ಸುಳಿವೇ ಇಲ್ಲ. ಸಿಗುವುದು ಸಿದ್ಧತೆ, ಅಲಂಕಾರ ಮತ್ತು, ವಿಚಿತ್ರವೆನಿಸಿದರೂ, ನಿಲುಗಡೆ. ಮೆರವಣಿಗೆಗೆ ಇಂಗ್ಲಿಷಿನಲ್ಲಿರುವ ಇನ್ನೊಂದು ಪದವಾದ ಪ್ರೊಸೆಶನ್ ಹಾಗಲ್ಲ. ಅದು ‘ಮುಂದೆ ಸಾಗು’ ಎಂಬ ಅರ್ಥದ ಲ್ಯಾಟಿನ್ ಕ್ರಿಯಾಪದದಿಂದ ಬಂದದ್ದರಿಂದ, ನಡಿಗೆ ಅದಕ್ಕೆ ಹುಟ್ಟುಗುಣ.

ಪರೇಡ್ ಇಂಗ್ಲಿಷಿಗೆ ಬಂದದ್ದು 17ನೆಯ ಶತಮಾನದ ನಡುಭಾಗದಲ್ಲಿ, ಫ್ರೆಂಚಿನಿಂದ. ಸಿಂಗರಿಸು, ಸಜ್ಜುಗೊಳಿಸು ಎಂಬ ಅರ್ಥದ ಫ್ರೆಂಚ್ ಕ್ರಿಯಾಪದ ಅದರ ಹಿಂದಿದೆ. ಅದಕ್ಕೂ ಹಿಂದೆ, ಸಿದ್ಧಪಡಿಸು ಎಂಬ ಅರ್ಥದ ಲ್ಯಾಟಿನ್ ಧಾತು ‘ಪರಾರೆ’ ಇದೆ. ಈ ಧಾತುವಿನ ಸಂಸಾರ ದೊಡ್ಡದು. ಪ್ರಿಪೇರ್, ಸೆಪರೇಟ್, ನಾವು ದಿನವೂ ಆಡುವ ರಿಪೇರಿ, ಕೊನೆಗೆ ಎಂಪರರ್ ಕೂಡ ಇದೇ ಮನೆಯ ಮಕ್ಕಳು. ಸಿದ್ಧವಾಗಿರುವುದೆಂದರೆ ಬರುವ ಪೆಟ್ಟನ್ನು ತಡೆಯಲು ಅಣಿಯಾಗಿರುವುದೂ ಹೌದಲ್ಲವೇ? ಇಟಾಲಿಯನ್ ಭಾಷೆಯಲ್ಲಿ ಈ ಧಾತುವಿಗೆ ತಡೆ, ಕಾಯು ಎಂಬ ಅರ್ಥ ಬೆಳೆದದ್ದು ಹಾಗೆ. ಬಿಸಿಲನ್ನು ತಡೆಯುವ ಪ್ಯಾರಾಸೋಲ್, ಬೀಳುವ ರಭಸವನ್ನು ತಡೆಯುವ ಪ್ಯಾರಾಚೂಟ್, ಎದೆಯೆತ್ತರದ ರಕ್ಷಣೆಯ ಗೋಡೆಯಾದ ಪ್ಯಾರಾಪೆಟ್, ಇವೆಲ್ಲವೂ ಅಲ್ಲಿಂದಲೇ ಬಂದವು. ಇಂದಿಗೂ ಇಟಲಿಯಲ್ಲಿ ಫುಟ್‌ಬಾಲ್ ಗೋಲ್‌ಕೀಪರ್ ಚೆಂಡನ್ನು ತಡೆದರೆ ಅದು ‘ಪರಾತಾ’. ಸೈನಿಕ ಪರೇಡಿಗೂ ಅಲ್ಲಿ ಅದೇ ಹೆಸರು. ಸ್ಪ್ಯಾನಿಷ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಧಾತುವಿಗೆ ‘ನಿಲ್ಲು’ ಎಂಬ ಅರ್ಥವನ್ನೇ ಕೊಟ್ಟುಬಿಟ್ಟಿತು. ಹೀಗಾಗಿ ಸ್ಪೇನಿನ ಬಸ್ ನಿಲ್ದಾಣವೂ ‘ಪರಾದಾ’.

ಇಂಗ್ಲಿಷಿನಲ್ಲೂ ಈ ಪದ ಮೊದಮೊದಲು ನಿಂತೇ ಇತ್ತು ಎಂಬುದಕ್ಕೆ ನನಗೆ ಬಲು ಇಷ್ಟವಾದ ಸಾಕ್ಷಿ ಮಿಲ್ಟನ್ ಕವಿಯದು. 1667ರಲ್ಲಿ ಅಚ್ಚಾದ ‘ಪ್ಯಾರಡೈಸ್ ಲಾಸ್ಟ್’ ಕಾವ್ಯದ ನಾಲ್ಕನೆಯ ಭಾಗದಲ್ಲಿ ದೇವದೂತರು ತಮ್ಮ ಬಾಗಿಲಿನಿಂದ ಹೊರಬಂದು, ರಾತ್ರಿಯ ಕಾವಲಿಗಾಗಿ ಆಯುಧ ಹಿಡಿದು ಯುದ್ಧಸನ್ನದ್ಧ ಪರೇಡಿನಲ್ಲಿ ನಿಲ್ಲುತ್ತಾರೆ. ಹೊರಬರುವುದು ಬೇರೆ ಮಾತು. ಪರೇಡ್ ಎನ್ನುವ ಹೊತ್ತಿಗೆ ಅವರು ನಿಂತಿದ್ದಾರೆ.

ಸೇನೆಯ ಬಳಕೆಯೂ ಇದಕ್ಕೆ ಹೊರತಲ್ಲ. ಪರೇಡ್ ಮೈದಾನವೆಂದರೆ ಮೊದಲು ಸೈನಿಕರು ಸಾಲಾಗಿ ಕೂಡುವ, ಅಧಿಕಾರಿ ಬಂದು ಗುಂಡಿ, ಬೂಟು, ಬಂದೂಕುಗಳನ್ನು ಒಂದೊಂದಾಗಿ ನೋಡಿ ಹೋಗುವ ಜಾಗ. ಅಲ್ಲಿ ನಡೆಯುತ್ತಿದ್ದವನು ಅಧಿಕಾರಿ. ಬ್ರಿಟಿಷ್ ಸೇನೆಯ ‘ಸಿಕ್ ಪರೇಡ್’ನಲ್ಲಿ ಕಾಯಿಲೆಯವರು ವೈದ್ಯನ ಮುಂದೆ ಹಾಜರಾಗುತ್ತಾರಷ್ಟೆ. ಸಾಕ್ಷಿಯ ಎದುರು ಶಂಕಿತನನ್ನು ಬೇರೆಯವರ ನಡುವೆ ನಿಲ್ಲಿಸುವ ಪೊಲೀಸರ ಗುರುತು ಪರೇಡ್ ಕೂಡ ಹಳೆಯ ಅರ್ಥವನ್ನು ಹಾಗೆಯೇ ಉಳಿಸಿಕೊಂಡಿದೆ. ಸಜ್ಜಾಗಿ ನಿಂತ ಸಾಲು ಜನರ ಮುಂದೆ ಹಾದುಹೋಗಲು ತೊಡಗಿದ ಮೇಲೆ ಹೆಸರೂ ಅದರ ಜೊತೆ ಹೊರಟಿತು. 17ನೆಯ ಶತಮಾನ ಮುಗಿಯುವ ಮೊದಲೇ ಮೆರವಣಿಗೆಯ ಅರ್ಥ ಬಳಕೆಗೆ ಬಂದಿತ್ತು.

ನೋಡುವವರಿಗಾಗಿಯೇ ನಡೆಯುವುದರಿಂದ ಪ್ರದರ್ಶನದ ಚಪಲವೂ ಪದಕ್ಕೆ ಅಂಟಿಕೊಂಡಿತು. ತನ್ನ ಪಾಂಡಿತ್ಯವನ್ನು ಪರೇಡ್ ಮಾಡುತ್ತಾನೆ ಎಂದು ಇಂಗ್ಲಿಷಿನಲ್ಲಿ ಹೇಳಿದರೆ ಅದು ಹೊಗಳಿಕೆಯಲ್ಲ. ಇಂಗ್ಲೆಂಡಿನ ಬಾತ್ ಪಟ್ಟಣದಲ್ಲಿ ವಾಸ್ತುಶಿಲ್ಪಿ ಜಾನ್ ವುಡ್ 1740ರ ದಶಕದಲ್ಲಿ ನಾರ್ತ್ ಪರೇಡ್, ಸೌತ್ ಪರೇಡ್ ಎಂಬ ಬೀದಿಗಳನ್ನು ರೂಪಿಸಿದ. ಸಿಂಗರಿಸಿಕೊಂಡ ಸಿರಿವಂತರು ಅಲ್ಲಿ ಅಡ್ಡಾಡುತ್ತಿದ್ದದ್ದು ಎಲ್ಲಿಗೂ ಹೋಗುವುದಕ್ಕಲ್ಲ, ನಾಲ್ಕು ಜನರ ಕಣ್ಣಿಗೆ ಬೀಳುವುದಕ್ಕೆ. ಮುಂದೆ ಕಡಲತೀರದ ಊರುಗಳ ವಿಹಾರದ ದಾರಿಗಳಿಗೂ ಈ ಹೆಸರು ಹಬ್ಬಿತು. ಈಗ ಬ್ರಿಟನ್ನಿನಲ್ಲಿ ಒಂದಕ್ಕೊಂದು ಅಂಟಿಕೊಂಡು ನಿಂತ ಅಂಗಡಿಗಳ ಸಾಲೂ ಒಂದು ಪರೇಡ್.