ಸೌದೆ ಕೂಟದ ಡೈರಿ: ಗರಗಸದವರು ಜಾಸ್ತಿ, ಒಟ್ಟುವವರು ಕಡಿಮೆ

ಫೆಬ್ರವರಿ ಕೊನೆ

ದಿಮ್ಮಿ ಬಂದಿದೆ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ದಕ್ಷಿಣ ಭಾಗದ ನಮ್ಮ ಊರಿನಲ್ಲಿ ಹಿಮ ಕರಗಲು ರಸ್ತೆಗೆ ಹಾಕುವ ಉಪ್ಪು ಇಡುವ ಶೆಡ್ ಇದೆ. ಅದರ ಹಿಂದಿನ ಖಾಲಿ ಜಾಗದಲ್ಲಿ ಲಾರಿಯವನು ಒಂದು ಲೋಡು ಇಳಿಸಿ ಹೋದ. ಅಂದಾಜು ಏಳು ಕಾರ್ಡ್. ಇಲ್ಲಿ ಸೌದೆಯನ್ನು ತೂಕದಲ್ಲಿ ಮಾರುವುದಿಲ್ಲ. 4 ಅಡಿ ಅಗಲ, 4 ಅಡಿ ಎತ್ತರ, 8 ಅಡಿ ಉದ್ದಕ್ಕೆ ಒತ್ತಾಗಿ ಒಟ್ಟಿದರೆ ಒಂದು ಕಾರ್ಡ್, ಅಂದರೆ 128 ಘನ ಅಡಿ. ಬರೀ ಸೌದೆಯಿಂದಲೇ ಬೆಚ್ಚಗಾಗುವ ಮನೆಗೆ ಒಂದು ಚಳಿಗಾಲಕ್ಕೆ ನಾಲ್ಕೈದು ಕಾರ್ಡ್ ಬೇಕು.

ಇಷ್ಟು ಬೇಗ ಯಾಕೆ ತರಿಸಿದಿರಿ ಅಂತ ಕೆಲವರು ಕೇಳಿದರು. ಈಗ ನೆಲ ಕಲ್ಲಿನ ಹಾಗೆ ಗಟ್ಟಿಯಾಗಿದೆ, ಲಾರಿ ಹೂತುಕೊಳ್ಳುವುದಿಲ್ಲ. ಮಾರ್ಚಿನಲ್ಲಿ ಹಿಮ ಕರಗಲು ಶುರುವಾದರೆ ಕೆಸರಿನ ಕಾಲ. ಭಾರದ ಲಾರಿ ಬರಕೂಡದು ಅಂತ ಮಣ್ಣಿನ ರಸ್ತೆಗಳಿಗೆಲ್ಲ ಬೋರ್ಡ್ ಬೀಳುತ್ತದೆ. ಆಮೇಲೆ ಏಪ್ರಿಲ್ ಕೊನೆಯವರೆಗೂ ಕಾಯಬೇಕು.

ಈ ಕೂಟದ ಹಿನ್ನೆಲೆ ಹೇಳಿಬಿಡುತ್ತೇನೆ. ನ್ಯೂ ಇಂಗ್ಲೆಂಡ್‌ನ, ಅಂದರೆ ಅಮೆರಿಕದ ಈ ಈಶಾನ್ಯ ಮೂಲೆಯ ಹಳ್ಳಿಗಳಲ್ಲಿ ‘ವುಡ್ ಬ್ಯಾಂಕ್’ ಅಂತ ಒಂದು ಪದ್ಧತಿ ಇದೆ. ಊರವರೇ ಸೇರಿ ಸೌದೆ ಕೊಯ್ದು, ಸೀಳಿ, ಒಣಗಿಸಿ ಇಡುತ್ತಾರೆ. ಚಳಿಗಾಲದ ನಡುವೆ ಯಾರ ಮನೆಯಲ್ಲಿ ಸೌದೆ ಮುಗಿಯಿತೋ ಅವರಿಗೆ ಪುಕ್ಕಟೆ ಕೊಡುತ್ತಾರೆ. ಇಂಧನಕ್ಕೆ ಸರ್ಕಾರದ ನೆರವೂ ಇದೆ. ಆದರೆ ಜನವರಿಯಲ್ಲಿ ಕೈಯಲ್ಲಿ ದುಡ್ಡಿದ್ದರೂ ಒಣ ಸೌದೆ ಸಿಗುವುದು ಕಷ್ಟ. ಮಾರುವವರ ಹತ್ತಿರ ಆಗ ಉಳಿದಿರುವುದು ಹೆಚ್ಚಾಗಿ ಹಸಿ. ಹಸಿ ಸೌದೆ ಉರಿಸಿದರೆ ಶಾಖ ಕಡಿಮೆ, ಹೊಗೆ ಜಾಸ್ತಿ. ಆ ಹೊಗೆ ಚಿಮಣಿಯೊಳಗೆ ಡಾಂಬರಿನಂಥ ಕ್ರಿಯೊಸೋಟ್ ಆಗಿ ಅಂಟಿಕೊಂಡು, ಒಂದು ದಿನ ಚಿಮಣಿಗೇ ಬೆಂಕಿ ಹತ್ತುತ್ತದೆ. ಹಾಗಾಗಿ ಸುಮ್ನೆ ಮರ ಕಡಿದು ಕೊಟ್ಟರೆ ಉಪಕಾರ ಆಗುವುದಿಲ್ಲ. ಒಂದು ಬೇಸಿಗೆಯ ಬಿಸಿಲು ತಿಂದ ಸೌದೆ ಕೊಡಬೇಕು.

ಚೈನ್‌ಸಾ, ಅಂದರೆ ಯಂತ್ರದ ಗರಗಸ ಇರುವ ಏಳೆಂಟು ಗೆಳೆಯರು ಶನಿವಾರ ಒಬ್ಬರ ಅಂಗಳದಲ್ಲಿ ಸೇರಿ ಮರ ಕೊಯ್ಯುತ್ತಾ ಹರಟೆ ಹೊಡೆಯುವುದು ನಮ್ಮಲ್ಲಿ ಮೊದಲಿಂದಲೂ ಇತ್ತು. ಅದನ್ನೇ ಈ ಸಲ ದೊಡ್ಡದಾಗಿ, ವುಡ್ ಬ್ಯಾಂಕಿಗಾಗಿ ಮಾಡೋಣ ಅಂದುಕೊಂಡಿದ್ದೇವೆ. ವ್ಯವಸ್ಥೆಯ ಕೆಲಸ ನನ್ನ ತಲೆಗೆ ಬಿತ್ತು. ನಾನು ಅರಸೀಕೆರೆ ಕಡೆಯವನು. ನಮ್ಮ ಮನೆ ಒಲೆಗೆ ತೆಂಗಿನ ಮಟ್ಟೆ, ಗರಿ, ಕರಟವೇ ಸಾಕಾಗುತ್ತಿತ್ತು. ದಿಮ್ಮಿ ಸೀಳುವುದನ್ನು ಕಲಿತದ್ದು ಇಲ್ಲಿಗೆ ಬಂದ ಮೇಲೆ.

ಮಾರ್ಚ್

ಮರದ ವಿಷಯ. ಲೋಡಿನಲ್ಲಿ ಮುಕ್ಕಾಲು ಪಾಲು ಆ್ಯಶ್, ಉಳಿದದ್ದು ರೆಡ್ ಓಕ್. ಇಷ್ಟು ಆ್ಯಶ್ ಸಿಗುತ್ತಿರುವುದಕ್ಕೆ ಕಾರಣ ಒಂದು ಹಸಿರು ಹುಳ, ಎಮರಾಲ್ಡ್ ಆ್ಯಶ್ ಬೋರರ್. ಏಷ್ಯಾದಿಂದ ಬಂದದ್ದು. 2002ರಲ್ಲಿ ಮಿಷಿಗನ್‌ನಲ್ಲಿ ಪತ್ತೆಯಾಯಿತು. 2013ರಲ್ಲಿ ನಮ್ಮ ರಾಜ್ಯದ ಕಾಂಕರ್ಡ್‌ನಲ್ಲಿ ಸಿಕ್ಕಿತು. ಮರಿಹುಳುಗಳು ತೊಗಟೆಯ ಕೆಳಗೆ ಅಂಕುಡೊಂಕಾಗಿ ಕೊರೆಯುತ್ತಾ ಹೋಗುತ್ತವೆ. ಮರಕ್ಕೆ ನೀರು, ಆಹಾರ ಓಡಾಡುವ ದಾರಿಯೇ ಕಟ್ಟಾಗುತ್ತದೆ. ಕೆಲವೇ ವರ್ಷಗಳಲ್ಲಿ ಮರ ನಿಂತಲ್ಲೇ ಸಾಯುತ್ತದೆ. ನಮ್ಮ ದಿಮ್ಮಿಗಳ ತೊಗಟೆ ಎಬ್ಬಿಸಿ ನೋಡಿದೆ. ಒಳಗೆ ಯಾರೋ ಕೂತು ರಂಗೋಲಿ ಎಳೆದಂತಿದೆ. ಹೊರಗೆ ಇಂಗ್ಲಿಷಿನ ‘ಡಿ’ ಅಕ್ಷರದ ಆಕಾರದ ತೂತುಗಳು, ಹುಳ ರೆಕ್ಕೆ ಬಂದು ಹಾರಿಹೋದ ಬಾಗಿಲು.

ಸೌದೆಯಾಗಿ ಆ್ಯಶ್‌ಗೆ ಸಾಟಿ ಕಡಿಮೆ. ಹಸಿಯಿರುವಾಗಲೇ ಅದರಲ್ಲಿ ನೀರು ಕಡಿಮೆ. ನೇರವಾಗಿ ಸೀಳುತ್ತದೆ. ಬೇಸ್‌ಬಾಲ್ ಬ್ಯಾಟ್ ಮಾಡುತ್ತಿದ್ದದ್ದು ಇದೇ ಮರದಲ್ಲಿ. ವಸಂತದಲ್ಲಿ ಸೀಳಿಟ್ಟರೆ ಅದೇ ಚಳಿಗಾಲಕ್ಕೆ ಬಳಸಬಹುದು. ಓಕ್ ಹಾಗಲ್ಲ, ಎರಡು ಬೇಸಿಗೆ ಕೇಳುತ್ತದೆ. ಆದ್ದರಿಂದ ಎರಡಕ್ಕೂ ಬೇರೆ ಬೇರೆ ಸಾಲು, ಬೇರೆ ಬೇರೆ ಬಣ್ಣದ ಪೇಂಟ್ ಗುರುತು ಅಂತ ತೀರ್ಮಾನವಾಯಿತು.

ನಮ್ಮ ಕೂಟದಲ್ಲಿ ನಿಂತ ಮರ ಬೀಳಿಸುವುದಿಲ್ಲ ಅಂತ ಶುರುವಿನಲ್ಲೇ ಹೇಳಿದ್ದೆ. ಒಂದಿಬ್ಬರಿಗೆ ಬೇಸರವಾಯಿತು, ಅವರಿಗೆ ಅದರಲ್ಲೇ ಮಜಾ. ಆದರೆ ಹುಳ ತಿಂದ ಆ್ಯಶ್ ಬಹಳ ಪೆಡಸು. ಬುಡಕ್ಕೆ ಗರಗಸ ಇಟ್ಟ ಅದುರಿಗೇ ಮೇಲಿನ ಕೊಂಬೆ ಮುರಿದು ತಲೆ ಮೇಲೆ ಬೀಳಬಹುದು. ಅದು ಪಳಗಿದ ಕೈಗಳ ಕೆಲಸ, ಮೂವತ್ತು ಜನ ಓಡಾಡುವ ಜಾಗದಲ್ಲಿ ಮಾಡುವಂಥದ್ದಲ್ಲ.

ಗಡಿಯಾಚೆಯ ಮ್ಯಾಸಚೂಸೆಟ್ಸ್‌ನ ಕನ್ನಡದ ಗೆಳೆಯರೊಬ್ಬರು ತಮ್ಮ ಹಿತ್ತಲಿನಲ್ಲಿ ಬಿದ್ದ ಓಕ್ ಮರ ಟ್ರೇಲರ್‌ನಲ್ಲಿ ತರುತ್ತೇನೆ ಅಂದರು. ಬೇಡ ಅನ್ನಬೇಕಾಯಿತು. ಸಂಸ್ಕರಿಸದ ಸೌದೆಯನ್ನು ಹೊರ ರಾಜ್ಯದಿಂದ ಇಲ್ಲಿಗೆ ತರುವಂತಿಲ್ಲ. ಹುಳಗಳು ಊರಿಂದೂರಿಗೆ ಹೋದದ್ದೇ ಹೀಗೆ, ಕ್ಯಾಂಪಿಂಗ್‌ಗೆ ಹೋಗುವವರ ಡಿಕ್ಕಿಯಲ್ಲಿ. ‘ಮರ ಬೇಡ, ನೀವು ಬನ್ನಿ. ಬರುವಾಗ ಪುಳಿಯೋಗರೆ ತನ್ನಿ’ ಅಂದೆ. ಒಪ್ಪಿಕೊಂಡರು.

ಏಪ್ರಿಲ್ ಮಧ್ಯ

ಕಾಗದದ ಕೆಲಸ ಮುಗಿಯಿತು: ಊರಿನ ಆಡಳಿತದ ಅನುಮತಿ, ವಿಮೆ, ಪ್ರತಿಯೊಬ್ಬರೂ ಸಹಿ ಹಾಕಬೇಕಾದ ಹಾಳೆ. ಇದರ ಬಗ್ಗೆ ಜಾಸ್ತಿ ಬರೆದರೆ ನಿಮಗೂ ನಿದ್ದೆ ಬರುತ್ತದೆ.

ಸೌದೆ ಯಾರಿಗೆ ಕೊಡಬೇಕು ಅನ್ನುವುದನ್ನು ನಾವು ನಿರ್ಧರಿಸುವುದಿಲ್ಲ. ಈ ರಾಜ್ಯದಲ್ಲಿ ಕೈಲಾಗದವರಿಗೆ ನೆರವಾಗುವುದು ಆಯಾ ಊರಿನ ಹೊಣೆ ಅಂತ ಕಾನೂನೇ ಇದೆ, ಆರ್‌ಎಸ್‌ಎ 165. ಆ ಕೆಲಸ ನೋಡಿಕೊಳ್ಳುವ ವೆಲ್‌ಫೇರ್ ಅಧಿಕಾರಿ ನಮಗೆ ವಿಳಾಸ ಮಾತ್ರ ಹೇಳುತ್ತಾರೆ. ನಾವು ಸೌದೆ ಇಳಿಸಿ ಬರುತ್ತೇವೆ, ಕಾರಣ ಕೇಳುವುದಿಲ್ಲ. ಕೇಳುವ ವ್ಯವಸ್ಥೆ ಇದ್ದಿದ್ದರೆ ಅರ್ಧ ಜನ ಚಳಿಯಲ್ಲಿ ನಡುಗುತ್ತಾ ಕೂರುತ್ತಿದ್ದರೇ ಹೊರತು ಬಾಯಿ ಬಿಡುತ್ತಿರಲಿಲ್ಲ.

ದಿನ ಗೊತ್ತಾಗಿದೆ, ಮೇ ತಿಂಗಳ ಮೊದಲ ಶನಿವಾರ. ಅದಕ್ಕಿಂತ ಮುಂಚೆ ಕೆಸರು. ಎರಡು ವಾರ ತಡ ಮಾಡಿದರೆ ಬ್ಲ್ಯಾಕ್ ಫ್ಲೈ ಎನ್ನುವ ಗುಂಗಾಡು ಹೆಲ್ಮೆಟ್ ಒಳಗೇ ನುಗ್ಗಿ ಕಚ್ಚುತ್ತದೆ.

ಬರುವವರ ಪಟ್ಟಿ ನೋಡಿ ನಗು ಬಂತು. ಗರಗಸ ತರುತ್ತೇನೆ ಅಂದವರು ಹನ್ನೆರಡು ಜನ. ಸೀಳುವುದಕ್ಕೆ ನಾಲ್ವರು. ಒಟ್ಟುವುದಕ್ಕೆ ಒಬ್ಬರೂ ಇಲ್ಲ! ಒಂದು ಚುರುಕಾದ ಗರಗಸ ಎರಡು ಸೀಳುವ ಯಂತ್ರಗಳಿಗೆ ಸಾಕಾಗುವಷ್ಟು ತುಂಡು ಹಾಕುತ್ತದೆ. ಒಂದು ಸೀಳುವ ಯಂತ್ರದಿಂದ ಬರುವ ಸೌದೆ ಹೊತ್ತು ಒಟ್ಟಲು ನಾಲ್ಕು ಜನ ಬೇಕು. ಅಂದರೆ ನನಗೆ ಬೇಕಾದದ್ದು ಈ ಪಟ್ಟಿಯ ತದ್ವಿರುದ್ಧ. ಕೊನೆಗೆ ಕನ್ನಡದ ಬಳಗಕ್ಕೆ ಫೋನ್ ಮಾಡಿದೆ. ‘ಗರಗಸ ಮುಟ್ಟಬೇಕಾಗಿಲ್ಲ, ಕೈಗವಸು ಹಾಕಿಕೊಂಡು ಬನ್ನಿ ಸಾಕು’ ಅಂದ ಮೇಲೆ ಹದಿನೈದು ಜನ ಹೂಂ ಅಂದರು.

ಮೇ, ಕೂಟದ ಮಾರನೇ ದಿನ

ಮೈಕೈ ನೋವು. ಬೆರಳು ಮಡಚಲು ಆಗುತ್ತಿಲ್ಲ, ಆದರೂ ಮರೆಯುವ ಮೊದಲು ಬರೆದಿಡುತ್ತೇನೆ.

ಜಾಗವನ್ನು ಹಗ್ಗ ಕಟ್ಟಿ ಮೂರು ಮಾಡಿದ್ದೆವು: ಕೊಯ್ಯುವ ಕಡೆ, ಸೀಳುವ ಕಡೆ, ಒಟ್ಟುವ ಕಡೆ. ಕೊಯ್ಯುವ ಹಗ್ಗದೊಳಗೆ ಹೋಗಬೇಕಾದರೆ ಹೆಲ್ಮೆಟ್, ಮುಖದ ಜಾಲರಿ, ಕಿವಿ ಮುಚ್ಚುವ ಮಫ್, ಗಟ್ಟಿ ಬೂಟು, ತೊಡೆಗೆ ಚ್ಯಾಪ್ಸ್ ಅನ್ನುವ ದಪ್ಪ ಹೊದಿಕೆ ಇರಲೇಬೇಕು. ಹದಿನೆಂಟು ತುಂಬದವರಿಗೆ ಪ್ರವೇಶವಿಲ್ಲ. ಚ್ಯಾಪ್ಸ್ ಬಗ್ಗೆ ಒಂದು ಮಾತು. ಅದು ಕವಚದಂತೆ ಗರಗಸವನ್ನು ತಡೆಯುವುದಿಲ್ಲ. ಚೈನ್ ತಾಗಿದ ಕೂಡಲೇ ಒಳಗಿನ ಉದ್ದನೆಯ ನಾರುಗಳು ಹೊರಬಂದು ಚಕ್ರಕ್ಕೆ ಸುತ್ತಿಕೊಂಡು ಚೈನನ್ನೇ ನಿಲ್ಲಿಸುತ್ತವೆ. ಪೂರ್ತಿ ವೇಗದಲ್ಲಿ ಚೈನ್ ಸೆಕೆಂಡಿಗೆ ಇಪ್ಪತ್ತು ಮೀಟರ್ ಓಡುತ್ತದೆ. ಕೈ ಎಳೆದುಕೊಳ್ಳೋಣ ಅಂದುಕೊಳ್ಳುವಷ್ಟರಲ್ಲಿ ಕಾಲು ಹೋಗಿರುತ್ತದೆ.

ಬೆಳಿಗ್ಗೆ ಗುಂಪಿನ ಹಿರಿಯರೊಬ್ಬರು, ನಲವತ್ತು ವರ್ಷ ಕಾಡಿನಲ್ಲಿ ದುಡಿದವರು, ಎಲ್ಲರನ್ನೂ ನಿಲ್ಲಿಸಿ ಕಿಕ್‌ಬ್ಯಾಕ್ ತೋರಿಸಿದರು. ಚೈನ್ ಓಡುವ ಉದ್ದನೆಯ ಪಟ್ಟಿಗೆ ಬಾರ್ ಅನ್ನುತ್ತಾರೆ, ಅದರ ಮೂತಿಯ ಮೇಲರ್ಧ ಮರಕ್ಕೆ ತಾಗಿದರೆ ಗರಗಸ ಕಣ್ಣು ಮಿಟುಕಿಸುವಷ್ಟರಲ್ಲಿ ಮುಖದ ಕಡೆ ಎಗರುತ್ತದೆ. ಎಡಗೈ ಹೆಬ್ಬೆರಳು ಹಿಡಿಕೆಯನ್ನು ಸುತ್ತಿಕೊಂಡೇ ಇರಬೇಕು. ಗರಗಸವನ್ನು ಭುಜದ ಮಟ್ಟಕ್ಕಿಂತ ಮೇಲೆತ್ತಬಾರದು. ಎರಡು ಹೆಜ್ಜೆ ನಡೆಯುವುದಿದ್ದರೂ ಚೈನ್ ಬ್ರೇಕ್ ಹಾಕಬೇಕು. ಗೊತ್ತಿದ್ದವರೂ ತೆಪ್ಪಗೆ ಕೇಳಿದರು.

ಆಮೇಲೆ ಸ್ಟಿಲ್ ಕಂಪನಿಯ ಗರಗಸದವರು ಒಂದು ಕಡೆ, ಹಸ್ಕ್ವರ್ನಾದವರು ಒಂದು ಕಡೆ. ಈ ಜಗಳ ಇಲ್ಲದೆ ಯಾವ ಗರಗಸ ಕೂಟವೂ ನಡೆಯುವುದಿಲ್ಲ. ಜರ್ಮನಿಯ ಸ್ಟಿಲ್ 1926ರಿಂದ ಇದೆ. ಸ್ವೀಡನ್ನಿನ ಹಸ್ಕ್ವರ್ನಾ 1689ರಲ್ಲಿ ಬಂದೂಕು ಕಾರ್ಖಾನೆಯಾಗಿ ಹುಟ್ಟಿದ್ದು, ಗರಗಸಕ್ಕೆ ಕೈ ಹಾಕಿದ್ದು 1959ರಲ್ಲಿ. ‘ನಿಮ್ಮದು ಇನ್ನೂ ಕೋವಿ ಥರಾನೇ ಸದ್ದು ಮಾಡುತ್ತೆ’ ಅಂತ ಇವರು, ‘ಸದ್ದಾದರೂ ಮಾಡುತ್ತಲ್ಲ’ ಅಂತ ಅವರು. ಬ್ಯಾಟರಿ ಗರಗಸ ತಂದಿದ್ದ ಹುಡುಗಿಯನ್ನು ಇಬ್ಬರೂ ಸೇರಿ ರೇಗಿಸಿದರು. ಸಣ್ಣ ದಿಮ್ಮಿಗಳನ್ನು ಮಧ್ಯಾಹ್ನದವರೆಗೆ ಒಂದೇ ಸಮ ಕೊಯ್ದು ಮುಗಿಸಿದವಳು ಅವಳೇ.

ಕೊಯ್ಯುವ ಅಳತೆ 16 ಇಂಚು, ಇಲ್ಲಿನ ಒಲೆಗಳಿಗೆ ಸರಿಹೋಗುವ ಉದ್ದ. ಕಾಡಿನಲ್ಲಿ ಎಳೆದುಕೊಂಡು ಬಂದ ದಿಮ್ಮಿಗಳ ತೊಗಟೆಯಲ್ಲಿ ಮರಳು ತುಂಬಿರುತ್ತದೆ, ಚೈನಿನ ಹಲ್ಲಿಗೆ ಅದೇ ಶತ್ರು. ಗರಗಸದಿಂದ ಅವಲಕ್ಕಿಯಷ್ಟು ದೊಡ್ಡ ಚೂರು ಬೀಳುತ್ತಿದ್ದರೆ ಸರಿ, ಹಿಟ್ಟು ಬೀಳತೊಡಗಿದರೆ ಹಲ್ಲು ಮೊಂಡಾಗಿದೆ ಅಂತ ಅರ್ಥ. ಅದಕ್ಕೇ ಒಂದು ಮೇಜಿನ ಮೇಲೆ ಅರ, ವೈಸ್ ಎಲ್ಲ ಜೋಡಿಸಿದ್ದೆವು. ಒಂದು ಓಕ್ ದಿಮ್ಮಿಯ ಕೊನೆಯಲ್ಲಿ ನೀಲಿಗಪ್ಪು ಕಲೆ ಕಂಡಿತು. ಹಿರಿಯರು ಅದನ್ನು ಪಕ್ಕಕ್ಕಿಡಿ ಅಂದರು. ಓಕ್ ಒಳಗೆ ಕಬ್ಬಿಣ ಇದ್ದರೆ ಮರದ ಒಗರು ಸೇರಿ ಹಾಗೆ ಕಪ್ಪಾಗುತ್ತದಂತೆ. ಸೀಳಿ ನೋಡಿದರೆ ನಿಜ, ಹಳೇ ಬೇಲಿಯ ಮುಳ್ಳುತಂತಿ ಒಳಗೇ ಹೂತಿತ್ತು.

ನನಗೆ ಹೆಚ್ಚು ಭಯವಿದ್ದದ್ದು ಗರಗಸದ್ದಲ್ಲ, ಸೀಳುವ ಹೈಡ್ರಾಲಿಕ್ ಯಂತ್ರದ್ದು. ಅದು ನಿಧಾನ, ಸದ್ದೂ ಕಡಿಮೆ. ಹಾಗಾಗಿ ಯಾರಿಗೂ ಹೆದರಿಕೆ ಇಲ್ಲ. ಒಬ್ಬ ತುಂಡು ಇಡುತ್ತಾನೆ, ಇನ್ನೊಬ್ಬ ಲಿವರ್ ಎಳೆಯುತ್ತಾನೆ, ಬೆರಳು ನಡುವೆ ಸಿಗುತ್ತದೆ. ತುಂಡು ಇಟ್ಟವರೇ ಲಿವರ್ ಎಳೆಯಬೇಕು, ಇನ್ನೊಬ್ಬರು ಹತ್ತಿರ ಬರಬಾರದು ಅಂತ ನಿಯಮ ಮಾಡಿದ್ದೆವು. ಎಲ್ಲರ ಹತ್ತು ಬೆರಳೂ ಕ್ಷೇಮ.

ಇನ್ನು ಒಟ್ಟುವ ಕಡೆ. ಸಾಗರದ ಗೆಳೆಯನ ತಂದೆ ಮಗನ ಮನೆಗೆ ಬಂದಿದ್ದರು, ಅವರೂ ಬಂದರು. ಗೆಳೆಯ ಅಪ್ಪಯ್ಯ ಅಂತ ಕರೆಯುತ್ತಾನೆ, ಮಧ್ಯಾಹ್ನದ ಹೊತ್ತಿಗೆ ಅಮೆರಿಕನ್ನರೂ ಅಪ್ಪಯ್ಯ ಅಂತಲೇ ಕರೆಯುತ್ತಿದ್ದರು. ಬೆಂಗಳೂರು, ಮೈಸೂರಿನವರು ಒಟ್ಟಿದ ಮೊದಲ ಸಾಲನ್ನು ಕಾಲಿನಿಂದ ಒಂದು ಸಲ ಒದ್ದು ನೋಡಿದರು. ಅರ್ಧ ಕುಸಿಯಿತು. ‘ಹೀಗೆ ಒತ್ತೊತ್ತಿ ತುಂಬಿದ್ರೆ ಗಾಳಿ ಎಲ್ಲಿ ಆಡ್ತದೆ ಮಾರಾಯಾ?’ ಅಂದರು. ಮಳೆಗಾಲಕ್ಕೆ ಮುಂಚೆ ವರ್ಷದ ಕಟ್ಟಿಗೆ ಕೊಟ್ಟಿಗೆ ಸೇರಬೇಕಾದ ಊರಿನವರು. ಸಾಲಿನ ಎರಡೂ ತುದಿಗೆ ಅಡ್ಡ-ಉದ್ದ ಪೇರಿಸಿ ಕಂಬ ಎಬ್ಬಿಸಿದರು, ನಡುವೆ ಸಡಿಲವಾಗಿ ತುಂಬಿಸಿದರು, ಮೇಲಿನ ವರಸೆಯ ತೊಗಟೆ ಆಕಾಶ ನೋಡುವಂತೆ ಇಡಿಸಿದರು. ಪಕ್ಕದ ಸಾಲಿನಲ್ಲಿ ಇಲ್ಲಿನ ರೈತ ಮಹಿಳೆಯೊಬ್ಬರು ಹಾಗೇ ಒಟ್ಟುತ್ತಿದ್ದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಒಬ್ಬರ ಸಾಲನ್ನು ಇನ್ನೊಬ್ಬರು ಒದ್ದು ಪರೀಕ್ಷೆ ಮಾಡಿದರು.

ಊಟಕ್ಕೆ ದೊಡ್ಡ ಪಾತ್ರೆಯಲ್ಲಿ ಚಿಲ್ಲಿ ಅನ್ನುವ ಖಾರದ ಗಟ್ಟಿ ಸಾರು, ಜೊತೆಗೆ ಡೋನಟ್ ಇತ್ತು. ಮೊದಲು ಖಾಲಿಯಾದದ್ದು ಪುಳಿಯೋಗರೆ. ತಣ್ಣಗಾದರೂ ಚೆನ್ನಾಗಿರುತ್ತದೆ, ಬಿಸಿ ಮಾಡುವ ರಗಳೆ ಇಲ್ಲ. ಇಂಥ ಕೆಲಸಕ್ಕೆ ಅದಕ್ಕಿಂತ ಒಳ್ಳೆ ಊಟ ಇಲ್ಲ ಅಂತ ನನ್ನ ಅಭಿಪ್ರಾಯ.

ಸಂಜೆಗೆ ಆ್ಯಶ್ ಪೂರ್ತಿ ಸಾಲಾಯಿತು. ಓಕ್ ತುಂಡಾಗಿದೆ, ಸೀಳುವುದು ಬಾಕಿ.

ಜುಲೈ

ಒಂದು ವಾರದ ಸಂಜೆಗಳಲ್ಲಿ ನಾಲ್ಕೈದು ಜನ ಸೇರಿ ಓಕ್ ಮುಗಿಸಿದೆವು. ಸಾಲುಗಳ ನೆತ್ತಿಗೆ ಮಾತ್ರ ತಗಡು ಹೊದಿಸಿದ್ದೇವೆ. ಯಾರೋ ಒಳ್ಳೇ ಮನಸ್ಸಿನಿಂದ ಟಾರ್ಪಾಲಿನ್ ತಂದು ನೆಲದವರೆಗೂ ಮುಚ್ಚಿದ್ದರು. ತೆಗೆಸಿದೆ. ಬದಿ ಮುಚ್ಚಿದರೆ ನೀರಿನಂಶ ಒಳಗೇ ಉಳಿದು ಬೂಷ್ಟು ಹಿಡಿಯುತ್ತದೆ.

ಅಕ್ಟೋಬರ್

ತೇವಾಂಶದ ಮೀಟರ್ ಹಿಡಿದು ಹೋದೆ. ಸೌದೆಯ ಹೊರಮೈಗೆ ಚುಚ್ಚಿದರೆ ಸುಳ್ಳು ಲೆಕ್ಕ ಬರುತ್ತದೆ. ಒಂದು ಸೀಳನ್ನು ಮತ್ತೆ ಸೀಳಿ, ಹೊಸದಾಗಿ ತೆರೆದ ಒಳಮೈಗೆ ಚುಚ್ಚಬೇಕು. ಶೇ. 20ಕ್ಕಿಂತ ಕಡಿಮೆ ಇದ್ದರೆ ಕೊಡಬಹುದು. ತೆರೆದ ಕಡೆಯ ಆ್ಯಶ್ ಸಾಲುಗಳು 17, 18 ತೋರಿಸಿದವು. ಶೆಡ್ಡಿನ ನೆರಳಿಗೆ ಬಿದ್ದ ಸಾಲು 23. ಅದನ್ನು ಕೊನೆಗೆ ಕೊಡುವುದು ಅಂತ ಕೆಂಪು ಪಟ್ಟಿ ಕಟ್ಟಿದೆ. ಓಕ್ 30ರ ಮೇಲಿದೆ, ಈ ವರ್ಷ ಮುಟ್ಟುವ ಹಾಗಿಲ್ಲ.

ವೆಲ್‌ಫೇರ್ ಅಧಿಕಾರಿಯಿಂದ ಮೊದಲ ಫೋನ್ ಆಗಲೇ ಬಂದಿದೆ. ಅರ್ಧ ಕಾರ್ಡ್, ಬೆಟ್ಟದ ಮೇಲಿನ ಒಂದು ಮನೆಗೆ. ಪಿಕಪ್ ಇರುವವರು ಶನಿವಾರ, ಭಾನುವಾರಕ್ಕೆ ಬೇಕಾದಷ್ಟು ಜನ ಇದ್ದಾರೆ. ವಾರದ ದಿನ ಹಗಲು ಬಿಡುವಿರುವ ಇಬ್ಬರು ಬೇಕು. ಸೌದೆ ಇಳಿಸಿದ ಮೇಲೆ ಒಟ್ಟಿಕೊಟ್ಟು ಬರಬೇಕು, ಅಲ್ಲಿರುವುದು ಒಬ್ಬರೇ ವಯಸ್ಸಾದವರು. ಗೊತ್ತಿದ್ದವರು ಇದ್ದರೆ ತಿಳಿಸಿ.