ಇರಬೇಕು. ಈಗ ಯಾವ ಖಾತೆ ಅಂತ ಹೇಳಿ

ನಾನು ರಾಜ್ಯಶಾಸ್ತ್ರ ಪಾಠ ಮಾಡುವವಳು. ಆ ತಪ್ಪಿಗೆ ಎಲ್ಲಿ ಹೋದರೂ ಒಂದು ಪ್ರಶ್ನೆ ಬೆನ್ನು ಹತ್ತುತ್ತದೆ: "ಸರ್ಕಾರದ ದೊಡ್ಡ ಹುದ್ದೆಗಳಲ್ಲಿ ಯುವಕರು ಇರಬೇಕಾ, ಬೇಡವಾ?" ಹೇಳಿ ಹೇಳಿ ಬಾಯಿ ನೋಯುತ್ತಿದೆ. ಇನ್ನು ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ. ಒರಟು ಅನ್ನಿಸಿದರೆ ಅನ್ನಿಸಲಿ.

ಉತ್ತರ: ಇರಬೇಕು.

ಇಷ್ಟಕ್ಕೆ ಯಾರೂ ಎದ್ದು ಹೋಗುವುದಿಲ್ಲ ಅಂತ ಗೊತ್ತು, ಏಕೆಂದರೆ ಕೇಳುವವರು ಉತ್ತರವನ್ನು ಜೇಬಿನಲ್ಲಿಟ್ಟುಕೊಂಡೇ ಬಂದಿರುತ್ತಾರೆ. ಅರವತ್ತು ದಾಟಿದವರಾದರೆ ನಾನು "ಅನುಭವ ಬೇಕಲ್ವಾ" ಅನ್ನಬೇಕು. ಇಪ್ಪತ್ತರವರಾದರೆ ಬಿಸಿರಕ್ತಕ್ಕೆ ಜೈ ಅನ್ನಬೇಕು. ಇಬ್ಬರಿಗೂ ಬೇಜಾರು ಮಾಡಿ ಕಳಿಸುವುದು ನನಗೀಗ ಚೆನ್ನಾಗಿ ರೂಢಿಯಾಗಿದೆ.

ಒಮ್ಮೆ ಉಪನ್ಯಾಸ ಮುಗಿಸಿ ನೀರು ಕುಡಿಯುತ್ತಿದ್ದೆ. ಹಿರಿಯರೊಬ್ಬರು ಮೈಕ್ ಇಸಕೊಂಡು, "ಮೇಡಂ, ಇಪ್ಪತ್ತೈದು ವರ್ಷದ ಹುಡುಗನ ಕೈಲಿ ನೀವು ಹಾರ್ಟ್ ಆಪರೇಷನ್ ಮಾಡಿಸ್ಕೊಳ್ತೀರಾ?" ಅಂದರು. ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತು. ಆ ಚಪ್ಪಾಳೆ ನೆನೆದರೆ ಈಗಲೂ ಮೈ ಉರಿಯುತ್ತದೆ. ಮಾಡಿಸಿಕೊಳ್ಳುವುದಿಲ್ಲ ಸ್ವಾಮಿ. ಎಪ್ಪತ್ತೈದರ ಆರೋಗ್ಯ ಮಂತ್ರಿಯ ಕೈಲೂ ಮಾಡಿಸಿಕೊಳ್ಳುವುದಿಲ್ಲ. ಮಂತ್ರಿಯ ಕೆಲಸ ಬೇರೆ. ಕಡತ ಓದಬೇಕು, ಅಧಿಕಾರಿಗಳು ಬರೆಯದೆ ಬಿಟ್ಟದ್ದೇನು ಅಂತ ಕೆದಕಬೇಕು, ಸಹಿ ಹಾಕಬೇಕು, ಹಾಕಿದ ಸಹಿಗೆ ಸದನದಲ್ಲಿ ನಿಂತು ಬೈಸಿಕೊಳ್ಳಬೇಕು. ಕಸುಬು ಬಲ್ಲವರು ಇಲಾಖೆಯೊಳಗೇ ಇರುತ್ತಾರೆ. ಮಂತ್ರಿ ಮುದುಕನಾದರೂ ಅವರನ್ನು ಕೇಳಿಯೇ ನಡೆಯಬೇಕು. (ಇದಿಷ್ಟನ್ನೂ ಅಲ್ಲೇ ಹೇಳಿದೆ. ಚಪ್ಪಾಳೆ ಬೀಳಲಿಲ್ಲ.)

ಯುವಕರು ಸರ್ಕಾರವನ್ನು ನುಂಗಿಬಿಡುತ್ತಾರೇನೋ ಎಂಬ ಗಾಬರಿಯೂ ಬೇಡ. ದೇಶದೇಶಗಳ ಸಂಸತ್ತುಗಳು ಸೇರಿ ಕಟ್ಟಿಕೊಂಡ ಅಂತರ ಸಂಸದೀಯ ಒಕ್ಕೂಟದ 2023ರ ಲೆಕ್ಕ ನೋಡಿದರೆ, ಜಗತ್ತಿನ ಸಂಸದರಲ್ಲಿ 30 ದಾಟದವರು ನೂರಕ್ಕೆ ಮೂವರೂ ಇಲ್ಲ.

ಹಾಗಾದರೆ ಯುವ ಮಂತ್ರಿ ಅಂತ ಫೋಟೋ ಬರುತ್ತದಲ್ಲ, ಅದೇನು? ಅಲ್ಲಿಗೆ ಬರೋಣ. ಸಂಯುಕ್ತ ಅರಬ್ ಸಂಸ್ಥಾನದಲ್ಲಿ 2016ರಲ್ಲಿ ಶಮ್ಮಾ ಅಲ್ ಮಜ್ರೂಯಿ 22ನೇ ವಯಸ್ಸಿಗೆ ಮಂತ್ರಿಯಾದರು. ಖಾತೆ: ಯುವಜನ ವ್ಯವಹಾರ. ಮಲೇಷ್ಯಾದಲ್ಲಿ 2018ರಲ್ಲಿ 92ರ ಮಹಾತಿರ್ ಪ್ರಧಾನಿಯಾಗಿ, 25ರ ಸೈಯದ್ ಸಾದಿಕ್ ಅವರನ್ನು ಸಂಪುಟಕ್ಕೆ ಸೇರಿಸಿಕೊಂಡರು. ಖಾತೆ: ಯುವಜನ ಮತ್ತು ಕ್ರೀಡೆ. ವಯಸ್ಸನ್ನೇ ಅರ್ಹತೆ ಮಾಡಿ, ಆ ವಯಸ್ಸಿನದೇ ಖಾತೆ ಕೊಟ್ಟು ಕೂರಿಸುವುದು. ಎಪ್ಪತ್ತರವರಿಗೆ ಹಿರಿಯ ನಾಗರಿಕರ ಖಾತೆ ಒಂದನ್ನೇ ಕೊಟ್ಟು ನೋಡಿ, ಸಂಜೆಯೊಳಗೆ ಪಕ್ಷ ಎರಡು ಹೋಳು. ಸಾದಿಕ್ ಆ ಮೂಲೆಯಲ್ಲಿ ಕೂತೇ ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಲು ಓಡಾಡಿದರು. 2019ರಲ್ಲಿ ಕೆಳಮನೆಯಲ್ಲಿ 211 ಮತ ಪರವಾಗಿ ಬಿದ್ದವು, ವಿರುದ್ಧ ಒಂದೂ ಇಲ್ಲ. ಅಂಥವರಿಗೆ ಹಣಕಾಸು ಕೊಟ್ಟಿದ್ದರೆ ಏನಾಗುತ್ತಿತ್ತು ಅಂತ ಯಾರೂ ನನ್ನನ್ನು ಕೇಳುವುದಿಲ್ಲ.

ಕೇಳಲಿ ಅಂತ ನಾನು ಕಾಯುವುದು ಇಂಥದ್ದನ್ನೇ: ಆ ಹುಡುಗ, ಆ ಹುಡುಗಿ, ತಮ್ಮನ್ನು ಕುರ್ಚಿಯಲ್ಲಿ ಕೂರಿಸಿದವರಿಗೆ "ಆಗಲ್ಲ" ಅನ್ನಬಲ್ಲರೇ?

ಬ್ರಿಟನ್ನಿನ ರಾಜಕಾರಣಿ ವಿಲಿಯಂ ಪಿಟ್ ಹಾಗೆ ಅಂದಿದ್ದ. 1782ರಲ್ಲಿ, 22ರ ಹರೆಯದಲ್ಲಿ, ಒಳ್ಳೆ ಸಂಬಳದ ಕಿರಿಯ ಹುದ್ದೆಯೊಂದು ತಾನಾಗಿ ಬಂದಾಗ, ಕೈಕೆಳಗಿನ ಸ್ಥಾನ ತನಗೆ ಬೇಡ ಅಂದುಬಿಟ್ಟ. ಕೆಲವೇ ತಿಂಗಳಲ್ಲಿ ಬ್ರಿಟನ್ನಿನ ಹಣಕಾಸು ಮಂತ್ರಿಯಾದ. 1783ರ ಡಿಸೆಂಬರಿನಲ್ಲಿ, 24ಕ್ಕೆ, ಪ್ರಧಾನಿ. ಶಾಲೆ ಹುಡುಗ, ಕ್ರಿಸ್‌ಮಸ್ ಮುಗಿಯುವುದರೊಳಗೆ ಗಂಟುಮೂಟೆ ಕಟ್ಟುತ್ತಾನೆ ಅಂತ ಎದುರಾಳಿಗಳು ನಕ್ಕರು. 1801ರವರೆಗೆ ಅವನು ಕದಲಲಿಲ್ಲ. ಅಷ್ಟು ಧೈರ್ಯ ಎಲ್ಲಿಂದ ಬಂತು ಅಂದರೆ, ಅಪ್ಪನೂ ಪ್ರಧಾನಿಯಾಗಿದ್ದವನು. ಮನೆತನದ ಹೆಸರಿದ್ದವನಿಗೆ "ಬೇಡ" ಅನ್ನುವುದು ಸಲೀಸು.

ಆ ಹೆಸರಿಲ್ಲದವರ ಪಾಡೇನು? ಯುವಕರು ನಿರ್ಭಯರು ಅಂತ ನಾವು ಸುಮ್ಮನೆ ನಂಬಿಕೊಂಡಿದ್ದೇವೆ. ನಾಯಕನ ಕೃಪೆಯಿಂದ ಇಪ್ಪತ್ತೆಂಟಕ್ಕೆ ಮಂತ್ರಿಯಾದವರ ಮುಂದೆ ಇನ್ನೂ ನಲವತ್ತು ವರ್ಷದ ರಾಜಕೀಯ ಬಾಕಿ ಇರುತ್ತದೆ. ಅವರಷ್ಟು ವಿಧೇಯರನ್ನು ಸಂಪುಟದಲ್ಲಿ ಹುಡುಕಿ ತರಬೇಕು. ಇನ್ನೊಂದು ಟಿಕೆಟ್ಟಿನ ಆಸೆಯಿಲ್ಲದ ಮುದುಕನೇ ಎಷ್ಟೋ ಸಲ ಎದ್ದು ಜಗಳಕ್ಕೆ ನಿಲ್ಲುತ್ತಾನೆ. ಇದನ್ನು ತರಗತಿಯಲ್ಲಿ ಹೇಳಿದರೆ ಮಕ್ಕಳಿಗೆ ನನ್ನ ಮೇಲೆ ಸಿಟ್ಟು. ಸಿಟ್ಟಾಗಲಿ, ನಾನು ಅವರ ಪಕ್ಷವೇ.

ಆಸ್ಟ್ರಿಯಾದ ಕುರ್ಜ್ ಹೆಸರನ್ನು ಯಾರಾದರೂ ಎತ್ತಿಯೇ ಎತ್ತುತ್ತಾರೆ: 31ಕ್ಕೆ ಚಾನ್ಸಲರ್, 2021ರಲ್ಲಿ ಭ್ರಷ್ಟಾಚಾರದ ತನಿಖೆ ಎದುರಾಗಿ ರಾಜೀನಾಮೆ. "ನೋಡಿದ್ರಾ?" ನೋಡಿದೆ. ಅಂಥ ತನಿಖೆ ಎದುರಿಸಿದ ಹಿರಿಯರ ಪಟ್ಟಿ ಹಿಡಿದರೆ ನನಗೆ ಕಾಗದ ಸಾಲದು.

ಇನ್ನು ವಯೋಮಿತಿ. ಲೋಕಸಭೆಗೆ 25 ಆದರೆ ಸಾಕು, ಇಟಲಿಯ ಸೆನೆಟ್‌ಗೆ 40 ಆಗಬೇಕು. ನೈಜೀರಿಯಾದ ಯುವಕರು ಹೋರಾಡಿ 2018ರಲ್ಲಿ ಅಧ್ಯಕ್ಷ ಸ್ಥಾನದ ವಯಸ್ಸನ್ನು 40ರಿಂದ 35ಕ್ಕೆ ಇಳಿಸಿದರು. ನಾಲ್ಕು ವರ್ಷದ ಮೇಲೆ ಅಲ್ಲಿನ ಆಳುವ ಪಕ್ಷ ಅಧ್ಯಕ್ಷ ಚುನಾವಣೆಯ ಟಿಕೆಟ್ ಬಯಸುವವರ ಅರ್ಜಿಗೆ ಇಟ್ಟ ಶುಲ್ಕ 10 ಕೋಟಿ ನೈರಾ. ನಲವತ್ತರೊಳಗಿನವರಿಗೆ ರಿಯಾಯಿತಿಯೂ ಇತ್ತು, ಕಳೆದರೂ ಕೋಟಿಗಳಲ್ಲೇ ನಿಲ್ಲುವ ರಿಯಾಯಿತಿ. ಮೂವತ್ತೈದಕ್ಕೇ ಅಷ್ಟು ದುಡ್ಡು ಎಣಿಸಿಕೊಡಬಲ್ಲವರು ಯಾರ ಮಕ್ಕಳಾಗಿರುತ್ತಾರೆ ಅಂತ ಕೇಳಿ. ಆ ಚರ್ಚೆಗಾದರೆ ಎಷ್ಟು ಹೊತ್ತು ಬೇಕಾದರೂ ಕೂರುತ್ತೇನೆ.