ಎಯ್ಟ್ ಮೈಲ್ ರಸ್ತೆಯಿಂದ ಮಾರ್ಕೆಟ್ (Marquette) ನಗರದವರೆಗೆ: ಮಿಶಿಗನ್ನಿನ ಚುನಾವಣಾ ಗಡಿಗಳ ಮೇಲೊಂದು ಪಯಣ

ಡೆಟ್ರಾಯಿಟ್ ನಗರದ ಉತ್ತರದ ಅಂಚಿನಲ್ಲಿ ಪೂರ್ವ–ಪಶ್ಚಿಮವಾಗಿ ನೇರವಾಗಿ ಹಾದುಹೋಗುವ ಎಯ್ಟ್ ಮೈಲ್ ರಸ್ತೆಯನ್ನು ದಾಟಲು ಒಂದು ಹಸಿರು ದೀಪದಷ್ಟು ಹೊತ್ತು ಸಾಕು. ಆದರೆ 2022ರ ಅಕ್ಟೋಬರ್ ಕೊನೆಯಲ್ಲಿ, ಅಧ್ಯಕ್ಷರ ಅವಧಿಯ ನಡುವೆ ಬರುವ ಅಮೆರಿಕದ ಮಧ್ಯಾವಧಿ ಚುನಾವಣೆಗೆ ಕೆಲವೇ ದಿನಗಳಿದ್ದಾಗ, ವಾರನ್ ನಗರಕ್ಕೆ ಎದುರಾಗಿ ನಿಂತರೆ ಆ ರಸ್ತೆಯ ಎರಡು ಬದಿಗಳು ಎರಡು ಬೇರೆ ದೇಶಗಳ ಚುನಾವಣೆಯಂತೆ ಕಾಣುತ್ತಿದ್ದವು. ಉತ್ತರಕ್ಕೆ ಅಮೆರಿಕದ ಸಂಸತ್ತಿನ ಕೆಳಮನೆಯ 10ನೆಯ ಕ್ಷೇತ್ರ. ಅಲ್ಲಿ ಮನೆಗಳ ಮುಂದಿನ ಹುಲ್ಲುಹಾಸುಗಳಲ್ಲಿ, ಪೆಟ್ರೋಲ್ ಬಂಕಿನ ಮೂಲೆಗಳಲ್ಲಿ ರಿಪಬ್ಲಿಕನ್ ಪಕ್ಷದ ಜಾನ್ ಜೇಮ್ಸ್ ಮತ್ತು ಡೆಮಾಕ್ರಟಿಕ್ ಪಕ್ಷದ ಕಾರ್ಲ್ ಮಾರ್ಲಿಂಗಾ ಅವರ ಫಲಕಗಳು ಒತ್ತೊತ್ತಾಗಿ ನೆಟ್ಟಿದ್ದವು. ದಕ್ಷಿಣಕ್ಕೆ 13ನೆಯ ಕ್ಷೇತ್ರ. ಅಲ್ಲಿ ರಾಜ್ಯಪಾಲರ ಚುನಾವಣೆಯ ಫಲಕಗಳು ಕಂಡವೇ ಹೊರತು ಕೆಳಮನೆಯ ಸ್ಪರ್ಧೆ ನಡೆಯುತ್ತಿದೆ ಎನ್ನುವುದಕ್ಕೆ ಕುರುಹು ಕಡಿಮೆ. (ಅಮೆರಿಕದ ರಾಜ್ಯಪಾಲರು ಜನರಿಂದ ಚುನಾಯಿತರು, ನಮ್ಮ ಮುಖ್ಯಮಂತ್ರಿಗಳ ಕೆಲಸ ಅವರದು.) ಈ ವ್ಯತ್ಯಾಸ ಎಲ್ಲಿಂದ ಬಂತು ಎಂದು ನೋಡುತ್ತ ಹೋದುದೇ ನನ್ನ ಮಿಶಿಗನ್ ಪ್ರವಾಸದ ದಾರಿಯಾಯಿತು.

ಆ ಗಡಿರೇಖೆಗಳು ಆಗಿನ್ನೂ ಹೊಸವು. ಭಾರತದಲ್ಲಿ ರಾಜ್ಯಗಳ ನಡುವಿನ ಲೋಕಸಭಾ ಸ್ಥಾನಗಳ ಹಂಚಿಕೆ 1971ರ ಜನಗಣತಿಗೇ ನಿಂತಿದೆ. ಕರ್ನಾಟಕದ 28 ಸ್ಥಾನಗಳು ದಶಕಗಳಿಂದ ಕದಲಿಲ್ಲ. ಅಮೆರಿಕದಲ್ಲಿ ಹಾಗಲ್ಲ, ಪ್ರತಿ ಹತ್ತು ವರ್ಷದ ಜನಗಣತಿಯ ನಂತರ 435 ಸ್ಥಾನಗಳನ್ನು ಮತ್ತೆ ಹಂಚುತ್ತಾರೆ. ಕಾರು ಕಾರ್ಖಾನೆಗಳ ವೈಭವದ ಕಾಲದಲ್ಲಿ 19 ಸ್ಥಾನಗಳಿದ್ದ ಮಿಶಿಗನ್ ಅವನ್ನು ಕಳೆದುಕೊಳ್ಳುತ್ತ ಬಂದು, 2020ರ ಗಣತಿಯ ನಂತರ 14ರಿಂದ 13ಕ್ಕೆ ಇಳಿಯಿತು. ಒಂದು ಕ್ಷೇತ್ರಕ್ಕೆ ಸುಮಾರು 7,75,000 ಜನ. ಗೆರೆ ಎಳೆಯುವ ಅಧಿಕಾರ ಅದುವರೆಗೆ ರಾಜ್ಯದ ಶಾಸನಸಭೆಯದಾಗಿತ್ತು. ಎಂದರೆ ಅಧಿಕಾರದಲ್ಲಿದ್ದ ಪಕ್ಷದ್ದು. 2011ರಲ್ಲಿ ರಿಪಬ್ಲಿಕನ್ನರು ಎಳೆದ ನಕ್ಷೆಯ ಚಮತ್ಕಾರ ಎಂಥದೆಂದರೆ, 2012ರಲ್ಲಿ ರಾಜ್ಯದಾದ್ಯಂತ ಡೆಮಾಕ್ರಟರಿಗೆ ಹೆಚ್ಚು ಮತ ಬಿದ್ದರೂ ಸ್ಥಾನಗಳು ಬಂದದ್ದು ರಿಪಬ್ಲಿಕನ್ನರಿಗೆ 9, ಡೆಮಾಕ್ರಟರಿಗೆ 5. ರಾಜಕೀಯದ ಹಿನ್ನೆಲೆಯಿಲ್ಲದ ಕೇಟಿ ಫಾಹಿ ಎಂಬ ಯುವತಿ 2016ರ ನವೆಂಬರಿನಲ್ಲಿ ಫೇಸ್‌ಬುಕ್ಕಿನಲ್ಲಿ ಬರೆದ ಒಂದು ಸಣ್ಣ ಟಿಪ್ಪಣಿಯಿಂದ ಇದರ ವಿರುದ್ಧ ಚಳವಳಿ ಹುಟ್ಟಿತು. ಸ್ವಯಂಸೇವಕರು 4 ಲಕ್ಷಕ್ಕೂ ಹೆಚ್ಚು ಸಹಿ ಕೂಡಿಸಿದರು, 2018ರಲ್ಲಿ ಶೇ. 61ರಷ್ಟು ಮತದಾರರು ರಾಜ್ಯದ ಸಂವಿಧಾನಕ್ಕೆ ತಿದ್ದುಪಡಿ ತಂದರು. ಅಲ್ಲಿಂದ ಮುಂದೆ ಗೆರೆ ಎಳೆಯುವುದು ಹದಿಮೂರು ಮಂದಿ ಸಾಮಾನ್ಯ ಪ್ರಜೆಗಳ ಆಯೋಗ: ನಾಲ್ವರು ಡೆಮಾಕ್ರಟರು, ನಾಲ್ವರು ರಿಪಬ್ಲಿಕನ್ನರು, ಯಾವ ಪಕ್ಷಕ್ಕೂ ಸೇರದ ಐವರು. 9,000ಕ್ಕೂ ಹೆಚ್ಚು ಅರ್ಜಿಗಳಿಂದ ಅವರನ್ನು ಚೀಟಿ ಎತ್ತಿದಂತೆ ಆರಿಸಲಾಯಿತು. ಅವರು ಕರಡು ನಕ್ಷೆಗಳಿಗೆ ಮರಗಳ ಹೆಸರಿಡುತ್ತಿದ್ದರು. 2021ರ ಡಿಸೆಂಬರ್ 28ರಂದು ಅಂಗೀಕಾರವಾದದ್ದು ‘ಚೆಸ್ಟ್‌ನಟ್’.

ಡೆಟ್ರಾಯಿಟಿನ ಪೂರ್ವಕ್ಕೆ ಜೆಫರ್ಸನ್ ಅವೆನ್ಯೂ ಹಿಡಿದು ಹೋದರೆ ಆಲ್ಟರ್ ರಸ್ತೆಯ ಈಚೆಗೆ ಖಾಲಿ ನಿವೇಶನಗಳು, ಆಚೆಗೆ ಗ್ರೋಸ್ ಪಾಯಿಂಟಿನ ಬಂಗಲೆಗಳು. ಹಳೆಯ ನಗರದ ಈ ಕುಖ್ಯಾತ ಗಡಿಯ ಎರಡೂ ಬದಿಗಳು ಈಗ ಒಂದೇ ಕ್ಷೇತ್ರದಲ್ಲಿವೆ. ಈ 13ನೆಯ ಕ್ಷೇತ್ರದ ಬಗ್ಗೆ ಕನ್ನಡಿಗನಿಗೆ ಕುತೂಹಲ ಸಹಜ, ಏಕೆಂದರೆ ಅಲ್ಲಿನ ಡೆಮಾಕ್ರಟಿಕ್ ಅಭ್ಯರ್ಥಿ ಶ್ರೀ ಥಾಣೇದಾರ್ ಚಿಕ್ಕೋಡಿಯಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಬಡತನದಲ್ಲಿ ಬೆಳೆದು, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಿಂದ ಪದವಿ ಪಡೆದವರು. ಮನೆಮಾತು ಮರಾಠಿ. ಅಮೆರಿಕದಲ್ಲಿ ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು, ಪ್ರಯೋಗಾಲಯದ ಉದ್ಯಮ ಕಟ್ಟಿ ಹಣ ಗಳಿಸಿ, 2018ರಲ್ಲಿ ರಾಜ್ಯಪಾಲರ ಹುದ್ದೆಗೆ ಡೆಮಾಕ್ರಟಿಕ್ ಪ್ರಾಥಮಿಕ ಚುನಾವಣೆಯಲ್ಲಿ (ಪಕ್ಷದ ಅಭ್ಯರ್ಥಿಯನ್ನು ಮತದಾರರೇ ಆರಿಸುವ ಸುತ್ತು ಅದು) ನಿಂತು ಮೂರನೆಯವರಾದರು. 2022ರ ಆಗಸ್ಟ್ 2ರ ಪ್ರಾಥಮಿಕ ಚುನಾವಣೆಯಲ್ಲಿ ಸ್ವಂತ ಹಣವನ್ನು ಧಾರಾಳವಾಗಿ ಸುರಿದು, ಒಂಬತ್ತು ಮಂದಿ ಹಂಚಿಕೊಂಡ ಮತಗಳಲ್ಲಿ ಶೇ. 28ರಷ್ಟನ್ನು ಪಡೆದು ಗೆದ್ದರು. ಡೆಮಾಕ್ರಟರ ಈ ಭದ್ರಕೋಟೆಯಲ್ಲಿ ಅಷ್ಟು ಸಿಕ್ಕರೆ ನವೆಂಬರಿನದು ಔಪಚಾರಿಕ ಮಾತ್ರ.

ಜೆಫರ್ಸನ್ ಅವೆನ್ಯೂವಿನ ಒಂದು ಕ್ಷೌರದಂಗಡಿಯಲ್ಲಿ ಸರದಿಗೆ ಕಾಯುತ್ತಿದ್ದ ಹಿರಿಯರೊಬ್ಬರು, ಕಾರು ಕಾರ್ಖಾನೆಯಿಂದ ನಿವೃತ್ತರಾದ ಕಪ್ಪು ವರ್ಣೀಯರು, ನಾನು ಭಾರತದವನೆಂದು ತಿಳಿದ ಕೂಡಲೇ ನಕ್ಕು, “ಹಾಗಾದರೆ ನಿಮ್ಮವರೇ ಗೆದ್ದಾಯಿತಲ್ಲ, ಇನ್ನೇನು ನೋಡಲು ಬಂದಿರಿ?” ಎಂದರು. ಆಮೇಲೆ ನಗು ಇಳಿಸಿ, “ನಮ್ಮಲ್ಲಿ ಅಷ್ಟು ಜನ ನಿಂತು ಮತ ಒಡೆದರೆ ಬೇರೆಯವರನ್ನು ಬೈದು ಏನು ಫಲ?” ಎಂದೂ ಸೇರಿಸಿದರು. ಅವರ ಮಾತಿನ ಹಿಂದೆ ದೊಡ್ಡ ಇತಿಹಾಸವಿದೆ. 1955ರಲ್ಲಿ ಚಾರ್ಲ್ಸ್ ಡಿಗ್ಸ್ ಸಂಸತ್ತಿಗೆ ಹೋದಂದಿನಿಂದ ಡೆಟ್ರಾಯಿಟಿಗೆ ಸದಾ ಕನಿಷ್ಠ ಒಬ್ಬ ಕಪ್ಪು ಪ್ರತಿನಿಧಿ ಇದ್ದರು; ಜಾನ್ ಕಾನ್ಯರ್ಸ್ ಒಬ್ಬರೇ 1965ರಿಂದ 2017ರವರೆಗೆ ಇದ್ದರು. ಆಯೋಗವು ನಗರದ ಮತದಾರರನ್ನು ಉಪನಗರಗಳ ಜೊತೆ ಬೆರೆಸಿ ಗೆರೆ ಎಳೆದಾಗ ಅನೇಕರು ಆಕ್ಷೇಪಿಸಿದ್ದರು. ಪಕ್ಷಗಳ ನಡುವೆ ನ್ಯಾಯವಾದ ನಕ್ಷೆ ಸಮುದಾಯಗಳ ನಡುವೆಯೂ ನ್ಯಾಯವಾಗಿರಬೇಕೆಂದೇನೂ ಇಲ್ಲ; ಆಯೋಗವನ್ನು ಹೊಗಳುವವರು ಈ ಭಾಗವನ್ನು ಬೇಗ ದಾಟಿಬಿಡುತ್ತಾರೆ ಎಂದು ನನಗೆ ಅನ್ನಿಸಿದೆ. ವಿಚಿತ್ರವೆಂದರೆ ಎಯ್ಟ್ ಮೈಲ್ ರಸ್ತೆಯ ಆಚೆ, ಬಿಳಿಯರೇ ಹೆಚ್ಚಿರುವ ಮಕೋಂಬ್ ಕೌಂಟಿಯಲ್ಲಿ, ರಿಪಬ್ಲಿಕನ್ನರು ನಿಲ್ಲಿಸಿದ್ದ ಜಾನ್ ಜೇಮ್ಸ್ ಕಪ್ಪು ವರ್ಣೀಯರು, ಸೇನೆಯ ಮಾಜಿ ಹೆಲಿಕಾಪ್ಟರ್ ಪೈಲಟ್.

ನಾನು ಉಳಿದುಕೊಂಡದ್ದು ಟ್ರಾಯ್ ನಗರದಲ್ಲಿ, ಅಕ್ಕನ ಮನೆಯಲ್ಲಿ. ಭಾವ ಕಾರು ಉದ್ಯಮದ ಎಂಜಿನಿಯರ್. ಪಂಪ ಕನ್ನಡ ಕೂಟದ ಕಾರ್ಯಕ್ರಮಗಳಿಗೆ ತಪ್ಪದೆ ಹೋಗುವ, ಭಾರತೀಯ ಟೆಂಪಲ್ಲಿನ ಅಡುಗೆಮನೆಯಲ್ಲಿ ಸರದಿ ಮೇಲೆ ದುಡಿಯುವ ಈ ದಂಪತಿ ಪೌರತ್ವ ಪಡೆದು ಮತದಾರರಾಗಿದ್ದಾರೆ. ಅಂಚೆಯಲ್ಲಿ ಬಂದ ಮತಪತ್ರವನ್ನು ಅಕ್ಕ ಊಟದ ಮೇಜಿನ ಮೇಲೆ ಹರಡಿ ಕೂತಾಗ ನಾನು ಪಕ್ಕದಲ್ಲಿ ಕೂತು ನೋಡಿದೆ. ಎರಡೂ ಬದಿ ಅಚ್ಚಾದ ಉದ್ದನೆಯ ಹಾಳೆ. ಮೇಲ್ತುದಿಯಲ್ಲಿ, ಇಡೀ ಪಕ್ಷಕ್ಕೇ ಒಂದೇ ಗುರುತಿನಲ್ಲಿ ಮತ ಹಾಕುವ ಅಂಕಣ. ಅದರ ಕೆಳಗೆ ರಾಜ್ಯಪಾಲರು, ರಾಜ್ಯ ಕಾರ್ಯದರ್ಶಿ, ಅಟಾರ್ನಿ ಜನರಲ್. ಆಮೇಲೆ ಸಂಸತ್ತು, ರಾಜ್ಯದ ಎರಡೂ ಸದನಗಳು, ಶಿಕ್ಷಣ ಮಂಡಳಿ. ಮೂರು ವಿಶ್ವವಿದ್ಯಾಲಯಗಳ ಆಡಳಿತ ಮಂಡಳಿಗಳೂ ಜನರ ಮತದಿಂದಲೇ. ರಾಜ್ಯದ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳ ಹೆಸರನ್ನು ಸೂಚಿಸುವುದು ಪಕ್ಷಗಳ ಸಮಾವೇಶಗಳೇ ಆದರೂ ಮತಪತ್ರದಲ್ಲಿ ಅವರ ಹೆಸರಿನ ಮುಂದೆ ಪಕ್ಷದ ಗುರುತು ಇರುವುದಿಲ್ಲ. ಕೊನೆಗೆ ಗರ್ಭಪಾತದ ಹಕ್ಕೂ ಸೇರಿದಂತೆ ಮೂರು ಸಂವಿಧಾನ ತಿದ್ದುಪಡಿಗಳು.

“ಕೆಳಮನೆಗೆ ಯಾರು ಅನ್ನೋದು ಸುಲಭ ಕಣೋ, ಅದು ಆಗಸ್ಟಿನಲ್ಲೇ ತೀರ್ಮಾನ ಆಯ್ತು. ಈ ಜಡ್ಜುಗಳ ಹೆಸರು ನೋಡಿದ್ರೆ ನಂಗೆ ತಲೆ ತಿರುಗುತ್ತೆ,” ಎಂದು ಅಕ್ಕ ಕಪ್ಪು ಪೆನ್ನಿನಿಂದ ಮೊಟ್ಟೆಯಾಕಾರದ ಗುರುತುಗಳನ್ನು ತುಂಬುತ್ತ ಹೋದಳು.

“ಗೊತ್ತಿಲ್ದಿದ್ರೆ ಖಾಲಿ ಬಿಡು ಮಾರಾಯ್ತಿ, ಪರೀಕ್ಷೆ ಅಲ್ಲ ಇದು,” ಎಂದರು ಭಾವ ಟಿ.ವಿ. ಮುಂದಿನಿಂದ.

ಅವಳು ಹೇಳಿದ್ದು ನಿಜ. ಟ್ರಾಯ್ ಇರುವ 11ನೆಯ ಕ್ಷೇತ್ರದಲ್ಲಿ ಹೊಸ ನಕ್ಷೆಯಿಂದಾಗಿ ಇಬ್ಬರು ಹಾಲಿ ಡೆಮಾಕ್ರಟಿಕ್ ಸದಸ್ಯರು, ಹೇಲಿ ಸ್ಟೀವನ್ಸ್ ಮತ್ತು ಆಂಡಿ ಲೆವಿನ್, ಪ್ರಾಥಮಿಕ ಚುನಾವಣೆಯಲ್ಲೇ ಪರಸ್ಪರ ಎದುರಾಗಿ ಸ್ಟೀವನ್ಸ್ ಸುಲಭವಾಗಿ ಗೆದ್ದಿದ್ದರು. ಮತಪತ್ರವನ್ನು ಲಕೋಟೆಗೆ ಹಾಕಿ, ಹೊರಗಡೆ ಸಹಿ ಮಾಡಿ, ನಗರದ ಕಚೇರಿಯ ಮುಂದಿನ ಲೋಹದ ಪೆಟ್ಟಿಗೆಗೆ ಇಳಿಬಿಟ್ಟು ಬಂದೆವು. ಆ ಸಹಿಯನ್ನು ನಗರದ ಗುಮಾಸ್ತರ ಕಚೇರಿ ತನ್ನಲ್ಲಿರುವ ಸಹಿಯೊಂದಿಗೆ ಹೋಲಿಸುತ್ತದೆ. ನಮ್ಮ ಚುನಾವಣಾ ಆಯೋಗದಂಥ ಒಂದೇ ಸಂಸ್ಥೆ ಅಲ್ಲಿಲ್ಲ. ಮಿಶಿಗನ್ನಿನಲ್ಲಿ ಚುನಾವಣೆ ನಡೆಸುವವರು 1,500ಕ್ಕೂ ಹೆಚ್ಚು ನಗರ ಮತ್ತು ಟೌನ್‌ಶಿಪ್ಪುಗಳ ಗುಮಾಸ್ತರು.

ಉತ್ತರಕ್ಕೆ ಫ್ಲಿಂಟ್ ಮೂಲಕ ಹಾದುಹೋದೆ. 1936–37ರ ಕಾರ್ಮಿಕರ ಧರಣಿ ಮುಷ್ಕರಕ್ಕೂ, 2014ರಿಂದ ಸೀಸದ ನೀರಿನ ಸಂಕಟಕ್ಕೂ ಹೆಸರಾದ ಊರು. 8ನೆಯ ಕ್ಷೇತ್ರ ಇದನ್ನು ಡೌ ಕೆಮಿಕಲ್ ಕಂಪನಿಯ ಮಿಡ್‌ಲ್ಯಾಂಡಿನೊಂದಿಗೆ ಒಂದೇ ಹಗ್ಗದಲ್ಲಿ ಕಟ್ಟಿದೆ.

ಲ್ಯಾನ್ಸಿಂಗಿನಲ್ಲಿ ನಿಲ್ಲಲೇಬೇಕಾಯಿತು. ರಾಜಧಾನಿಯ ಸುತ್ತಲಿನ 7ನೆಯ ಕ್ಷೇತ್ರದಲ್ಲಿ ಡೆಮಾಕ್ರಟ್ ಎಲಿಸಾ ಸ್ಲಾಟ್ಕಿನ್ ಮತ್ತು ರಿಪಬ್ಲಿಕನ್ ಟಾಮ್ ಬ್ಯಾರೆಟ್ ನಡುವಿನ ಸ್ಪರ್ಧೆ ಆ ವರ್ಷದ ಕೆಳಮನೆಯ ಚುನಾವಣೆಗಳಲ್ಲೇ ಅತ್ಯಂತ ದುಬಾರಿಯವುಗಳಲ್ಲಿ ಒಂದು. ಹೋಟೆಲಿನ ಟಿ.ವಿ.ಯಲ್ಲಿ ಹವಾಮಾನ ವರದಿಯ ಎರಡು ವಾಕ್ಯಗಳ ನಡುವೆ ಇಬ್ಬರ ಜಾಹೀರಾತುಗಳೂ ಬಂದು ಹೋಗುತ್ತಿದ್ದವು. ಮಾಜಿ ಸಿಐಎ ಅಧಿಕಾರಿಯಾದ ಸ್ಲಾಟ್ಕಿನ್ ಅವರ ಕುಟುಂಬದ ಹೊಲಮನೆ ಇರುವ ಹಾಲಿ ಎಂಬ ಊರು ಹೊಸ ನಕ್ಷೆಯಲ್ಲಿ ಕ್ಷೇತ್ರದಿಂದ ಹೊರಗೆ ಬಿದ್ದ ಕಾರಣ ಅವರು ಲ್ಯಾನ್ಸಿಂಗಿಗೆ ವಾಸ ಬದಲಿಸಿದ್ದರು. ಸಂವಿಧಾನದ ಪ್ರಕಾರ ರಾಜ್ಯದ ನಿವಾಸಿಯಾಗಿದ್ದರೆ ಸಾಕು, ಕ್ಷೇತ್ರದಲ್ಲೇ ಇರಬೇಕಾಗಿಲ್ಲ. ಆದರೂ ಮತದಾರರು ಅದನ್ನು ಗಮನಿಸುತ್ತಾರೆ. ನವೆಂಬರ್ 1ರಂದು ಈಸ್ಟ್ ಲ್ಯಾನ್ಸಿಂಗಿನ ಪ್ರೌಢಶಾಲೆಯೊಂದರಲ್ಲಿ ರಿಪಬ್ಲಿಕನ್ ಪಕ್ಷದ ಲಿಜ್ ಚೇನಿ ಬಂದು ಡೆಮಾಕ್ರಟ್ ಸ್ಲಾಟ್ಕಿನ್ ಪರವಾಗಿ ಮತ ಯಾಚಿಸಿದ್ದರು. ನಾನು ತಲುಪುವ ಹೊತ್ತಿಗೆ ಸಭೆ ಮುಗಿದಿತ್ತು, ಆದರೆ ಊರಿನ ಕಾಫಿ ಅಂಗಡಿಗಳಲ್ಲಿ ಮಾತು ಮುಗಿದಿರಲಿಲ್ಲ.

ಪಶ್ಚಿಮದ ಗ್ರ್ಯಾಂಡ್ ರ್‍ಯಾಪಿಡ್ಸ್ ಡಚ್ ಮೂಲದ ಚರ್ಚುಗಳ, ಪೀಠೋಪಕರಣಗಳ ಊರು. ಅಧ್ಯಕ್ಷರಾಗುವ ಮುಂಚೆ ಜೆರಾಲ್ಡ್ ಫೋರ್ಡ್ 1949ರಿಂದ 1973ರವರೆಗೆ ಈ ಊರಿನ ಸಂಸದರು. ಅವರ ವಸ್ತುಸಂಗ್ರಹಾಲಯ ಗ್ರ್ಯಾಂಡ್ ನದಿಯ ದಂಡೆಯಲ್ಲಿದೆ. ಇಲ್ಲಿನ 3ನೆಯ ಕ್ಷೇತ್ರದಲ್ಲಿ ಈ ಬಾರಿ ನಡೆದದ್ದು ನನಗೆ ಇಡೀ ಪ್ರವಾಸದಲ್ಲೇ ಹೆಚ್ಚು ಇರುಸುಮುರುಸು ತಂದ ಕಥೆ. ಸೂಪರ್ ಮಾರ್ಕೆಟ್ ಕುಟುಂಬದ ಕುಡಿ, ರಿಪಬ್ಲಿಕನ್ ಸಂಸದ ಪೀಟರ್ ಮೈಯರ್ 2021ರ ಜನವರಿಯಲ್ಲಿ, ಸದಸ್ಯರಾದ ಕೆಲವೇ ದಿನಗಳಲ್ಲಿ, ಟ್ರಂಪ್ ವಾಗ್ದಂಡನೆಯ ಪರ ಮತ ಹಾಕಿದ್ದರು. ಪ್ರಾಥಮಿಕ ಚುನಾವಣೆಯಲ್ಲಿ ಅವರ ವಿರುದ್ಧ ಟ್ರಂಪ್ ಬೆಂಬಲಿತ ಜಾನ್ ಗಿಬ್ಸ್ ನಿಂತರು. ಗಿಬ್ಸ್ ಗೆದ್ದರೆ ನವೆಂಬರಿನಲ್ಲಿ ಸೋಲಿಸುವುದು ಸುಲಭವೆಂದು ಲೆಕ್ಕ ಹಾಕಿದ ಡೆಮಾಕ್ರಟರ ರಾಷ್ಟ್ರೀಯ ಪ್ರಚಾರ ಸಮಿತಿ, 4 ಲಕ್ಷ ಡಾಲರಿಗೂ ಹೆಚ್ಚು ಖರ್ಚು ಮಾಡಿ, ಗಿಬ್ಸ್ ಟ್ರಂಪಿಗೆ ತೀರ ಹತ್ತಿರದವರೆಂದು ಜಾಹೀರಾತು ಹಾಕಿತು; ಹೊರಗೆ ಟೀಕೆ, ಒಳಗೆ ರಿಪಬ್ಲಿಕನ್ ಮತದಾರರಿಗೆ ಶಿಫಾರಸು. ಮೈಯರ್ ಸ್ವಲ್ಪದರಲ್ಲಿ ಸೋತರು. ಪ್ರಜಾಪ್ರಭುತ್ವ ಉಳಿಸುತ್ತೇವೆಂದು ಹೇಳುತ್ತಿದ್ದವರೇ ಆತ್ಮಸಾಕ್ಷಿಯಿಂದ ಮತ ಹಾಕಿದವನನ್ನು ಹೀಗೆ ಮುಗಿಸಿದ್ದಕ್ಕೆ ಜಾಣತನ ಎನ್ನಬಹುದು. ಒಳ್ಳೆಯ ಹೆಸರು ನನಗೆ ತೋಚುತ್ತಿಲ್ಲ. ಸಂಗ್ರಹಾಲಯದ ಬಳಿ ನಾಯಿಯೊಂದಿಗೆ ಅಡ್ಡಾಡುತ್ತಿದ್ದ ಮಹಿಳೆಯೊಬ್ಬರು, ಜೀವನವಿಡೀ ರಿಪಬ್ಲಿಕನ್ನರಿಗೆ ಹಾಕಿದವರು, ಈ ಸಲ ಡೆಮಾಕ್ರಟ್ ಹಿಲರಿ ಸ್ಕೋಲ್ಟನ್ ಅವರಿಗೆ ಹಾಕುತ್ತೇನೆಂದರು, ಆದರೆ ಸಂತೋಷದಿಂದಲ್ಲ ಎಂದರು.

ಅಲ್ಲಿಂದ ಉತ್ತರಕ್ಕೆ ಹೋಗುತ್ತ ಎಲೆ ಉದುರಿದ ಕಾಡುಗಳ ನಡುವೆ ಚುನಾವಣೆ ತೆಳುವಾಗುತ್ತ ಹೋಯಿತು. ಎರಡು ಮಹಾಸರೋವರಗಳು ಕೂಡುವ ಕಡೆ 1957ರಲ್ಲಿ ತೆರೆದ, ಸುಮಾರು 8 ಕಿಲೋಮೀಟರ್ ಉದ್ದದ ಮ್ಯಾಕಿನಾ ಸೇತುವೆಯನ್ನು 4 ಡಾಲರ್ ಸುಂಕ ಕೊಟ್ಟು ದಾಟಿದರೆ ಮೇಲಿನ ಪರ್ಯಾಯ ದ್ವೀಪ. ರಾಜ್ಯದ ಭೂಭಾಗದ ಶೇ. 29ರಷ್ಟಿರುವ ಇಲ್ಲಿ ಜನಸಂಖ್ಯೆಯ ಶೇ. 3ರಷ್ಟು ಮಾತ್ರ ವಾಸ. ಆದ್ದರಿಂದ 1ನೆಯ ಕ್ಷೇತ್ರ ಇದಿಷ್ಟನ್ನೂ ನುಂಗಿ ಸಾಲದೆ ಸೇತುವೆಯ ಈಚೆಗೂ ಚಾಚಿಕೊಂಡಿದೆ. ಸೀನಿ ಎಂಬ ಊರಿನಿಂದ ಪಶ್ಚಿಮಕ್ಕೆ 40 ಕಿಲೋಮೀಟರ್ ರಸ್ತೆ ಒಂದು ತಿರುವೂ ಇಲ್ಲದೆ ಜೌಗುಭೂಮಿಯಲ್ಲಿ ಸಾಗುತ್ತದೆ. ಅಷ್ಟು ದೂರದಲ್ಲಿ ನಾನು ಕಂಡ ಪ್ರಚಾರ ಫಲಕ ಒಂದೇ, ಅದೂ ಶೆರಿಫ್ ಹುದ್ದೆಯ ಹಳೆಯ ಫಲಕ. ಮಾರ್ಕೆಟ್ ನಗರದಲ್ಲಿ ಪ್ಯಾಸ್ಟಿ ತಿನ್ನುವವರ ಮಧ್ಯೆ ಕೂತೆ; ಕಾರ್ನ್‌ವಾಲಿನಿಂದ ಬಂದ ಗಣಿ ಕಾರ್ಮಿಕರು ತಂದ, ಮಾಂಸ–ಆಲೂಗಡ್ಡೆ ತುಂಬಿದ ದೊಡ್ಡ ಕಡುಬು ಅದು. ಅಂಗಡಿಯ ಮುದುಕರು ಗಣಿ ಸಂಘಗಳ ಬಲದಿಂದ ಡೆಮಾಕ್ರಟ್ ಬಾರ್ಟ್ ಸ್ಟುಪಾಕ್ 1993ರಿಂದ 2011ರವರೆಗೆ ಇಲ್ಲಿಂದ ಗೆಲ್ಲುತ್ತಿದ್ದ ಕಾಲವನ್ನು ನೆನೆದರು. ಈಗ ನಿವೃತ್ತ ಸೇನಾಧಿಕಾರಿ, ರಿಪಬ್ಲಿಕನ್ ಜ್ಯಾಕ್ ಬರ್ಗ್‌ಮನ್ ಅವರ ಗೆಲುವಿನ ಬಗ್ಗೆ ಯಾರಿಗೂ ಸಂಶಯವಿರಲಿಲ್ಲ. ಇಲ್ಲಿನ ಪಶ್ಚಿಮದಂಚಿನ ನಾಲ್ಕು ಕೌಂಟಿಗಳ ಗಡಿಯಾರ ರಾಜ್ಯದ ಉಳಿದೆಡೆಗಿಂತ ಒಂದು ಗಂಟೆ ಹಿಂದೆ ಓಡುವುದರಿಂದ, ಡೆಟ್ರಾಯಿಟಿನಲ್ಲಿ ರಾತ್ರಿ 8ಕ್ಕೆ ಮತಗಟ್ಟೆ ಮುಚ್ಚಿದರೂ ಇಡೀ ಮಿಶಿಗನ್ನಿನ ಮತದಾನ ಮುಗಿಯುವುದು 9ಕ್ಕೆ.

ನವೆಂಬರ್ 8ರ ರಾತ್ರಿ ಮತ್ತೆ ಟ್ರಾಯ್. ಥಾಣೇದಾರ್ ಶೇ. 70ಕ್ಕೂ ಹೆಚ್ಚು ಮತದಿಂದ ಗೆದ್ದ ಸುದ್ದಿಗೆ ಭಾವ “ಬೆಳಗಾವಿ ಹುಡುಗ!” ಎಂದು ಒಮ್ಮೆ ಕೈ ತಟ್ಟಿ ಸುಮ್ಮನಾದರು. ಸ್ಕೋಲ್ಟನ್ ಸುಮಾರು 13 ಶೇಕಡಾ ಅಂಶಗಳ ಅಂತರದಿಂದ ಗೆದ್ದರು; ಡೆಮಾಕ್ರಟರ ಲೆಕ್ಕಾಚಾರ ಫಲಿಸಿತು. ಸ್ಲಾಟ್ಕಿನ್ ಉಳಿದುಕೊಂಡರು. 10ನೆಯ ಕ್ಷೇತ್ರ ಮಾತ್ರ ನಡುರಾತ್ರಿ ದಾಟಿದರೂ ತೀರ್ಮಾನವಾಗಲಿಲ್ಲ. ಮಾರ್ಲಿಂಗಾ ಗೆಲ್ಲುವಂತಿಲ್ಲವೆಂದು ಭಾವಿಸಿದ ಅವರ ಪಕ್ಷ ಅಲ್ಲಿ ಹಣ ಹಾಕಿರಲಿಲ್ಲ, ಆದರೆ ಜೇಮ್ಸ್ ಕೊನೆಗೆ ಗೆದ್ದದ್ದು ಸುಮಾರು 1,600 ಮತಗಳಿಂದ. ಹೀಗೆ 2023ರ ಜನವರಿಯಲ್ಲಿ ಡೆಟ್ರಾಯಿಟ್ ನಗರಕ್ಕೆ ಕಪ್ಪು ಪ್ರತಿನಿಧಿ ಇಲ್ಲವಾಗಿ, ಮಿಶಿಗನ್ನಿನಿಂದ ಕೆಳಮನೆಗೆ ಹೋದ ಒಬ್ಬನೇ ಕಪ್ಪು ಸದಸ್ಯ ಎಯ್ಟ್ ಮೈಲ್ ರಸ್ತೆಯಾಚೆಯ ರಿಪಬ್ಲಿಕನ್ ಆದ. ಒಟ್ಟು ಫಲಿತಾಂಶ ಡೆಮಾಕ್ರಟರಿಗೆ 7, ರಿಪಬ್ಲಿಕನ್ನರಿಗೆ 6. ಅದೇ ನಕ್ಷೆಯ ಮೇಲೆ 2024ರಲ್ಲಿ ಸ್ಲಾಟ್ಕಿನ್ ಸೆನೆಟಿಗೆ ಹೋಗಿ ತೆರವಾದ 7ನೆಯ ಕ್ಷೇತ್ರವನ್ನು ಬ್ಯಾರೆಟ್ ಗೆದ್ದುಕೊಂಡರು, ಲೆಕ್ಕ ತಿರುಗುಮುರುಗಾಗಿ ರಿಪಬ್ಲಿಕನ್ನರಿಗೆ 7, ಡೆಮಾಕ್ರಟರಿಗೆ 6 ಆಯಿತು.